ತೌಡಿನ ಮೂಟೆಯ ಕಡಲು

ಟೆಂಟ್ ನಿನ್ನ ಜವಾಬ್ದಾರಿ ಅಂದರು,
ಶಾಮಿಯಾನದ ಅಂಗಡಿಯವಳಿಗೆ ಬೇರೇನು ಹೇಳಿಯಾರು.
ನಾನೂರು ಜನ ಉಣ್ಣುವಷ್ಟು ನೆರಳಿದೆ ಗೋಡೌನಿನಲ್ಲಿ,
ನಾಲ್ಕು ಜನ ಮಲಗುವಷ್ಟು ಇಲ್ಲ.
ಕೆಂಪು ಹಳದಿ ಪಟ್ಟೆಯದೊಂದನ್ನು ಕತ್ತರಿಸಿ ಹೊಲಿಯುತ್ತ ಕೂತೆ.
ಒಂದು ಮೂಲೆಯಲ್ಲಿ ಅರಿಶಿನದ ಕೈಗುರುತು,
ಇನ್ನೊಂದರಲ್ಲಿ ಊದಿನಕಡ್ಡಿ ಸುಟ್ಟ ತೂತು.
ಯಾವುದು ಯಾರ ಮನೆಯದೋ.
ತೂತಿಗೆ ತೇಪೆ ಹಾಕಿದೆ. ಅರಿಶಿನ ಹಾಗೇ ಬಿಟ್ಟೆ.

ಮೆಲ್ವಿನ್ ಸಾ ಮಿಲ್ಲಿನಿಂದ ಹಲಗೆ ತಂದ,
ಆರಡಿ ಸಿಲ್ವರ್ ಓಕು, ನಡುವೆ ಒಂದು ಗಂಟು.
ತೌಡಿನ ಎರಡು ಮೂಟೆಯ ಮೇಲೆ ಅದನ್ನಿಟ್ಟು
ಗೋಡೌನಿನ ಹಿಂದೆ ಕಡಲು ಮಾಡಿದೆವು.
ಬೋರಲು ಮಲಗು, ಕೈಯಲ್ಲಿ ಗಾಳಿ ಬಗೆ,
ಬಂತು ಅಂದಕೂಡಲೇ ಎದ್ದು ನಿಲ್ಲು.
ಬಂತು ಅನ್ನುವ ಕೆಲಸ ಸಫೂರಾಳದು.
ದಿನವಿಡೀ ಲ್ಯಾಬಿನಲ್ಲಿ ಶಿವಮೊಗ್ಗದ ರಕ್ತ ನೋಡುವವಳು,
ಅಲೆಯನ್ನೂ ವರದಿ ಓದಿದಂತೆ ಕೂಗುತ್ತಾಳೆ:
ಬಂತು. ಸಾಧಾರಣ. ಬಂತು. ಸ್ವಲ್ಪ ಜಾಸ್ತಿ.
ನಾಲ್ಕು ಸಲ ಬಿದ್ದೆ.
ಕಾಂಪೌಂಡಿನ ಮೇಲೆ ಸಾಲಾಗಿ ಕೂತ ಬೀದಿಯ ಮಕ್ಕಳು
ಐದನೆಯ ಸಲಕ್ಕೆ ಚಪ್ಪಾಳೆ ಹೊಡೆದವು.

ಮುಲ್ಕಿ ಎಂದಾಗಿತ್ತು. ಅಲ್ಲಿ ಕಲಿಸುವವರಿದ್ದಾರೆ,
ಗಂಟೆಗಿಷ್ಟು ಅಂತ ಬೋರ್ಡು ಬಾಡಿಗೆಗಿದೆ.
ತೀರ್ಥಹಳ್ಳಿ, ಆಗುಂಬೆ, ಹದಿನಾಲ್ಕು ತಿರುವು,
ಏಳನೆಯದರಲ್ಲಿ ಸಫೂರಾಗೆ ವಾಂತಿ,
ಅದಕ್ಕೇ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು.
ಕರೆಂಟ್ ಬಿಲ್ಲಿನ ಹಿಂದೆ ಪಟ್ಟಿ ಬೆಳೆಯಿತು:
ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ,
ಮೆಲ್ವಿನ್ ಅಮ್ಮ ಕೊಡುವ ಹಂದಿಮಾಂಸ,
ಬೇರೆ ಡಬ್ಬಿ, ಬೇರೆ ಚೀಲ, ಬೇರೆ ಸೀಟು,
ಟಾರ್ಚು, ಹಗ್ಗ, ಉಪ್ಪು.
ಕಡಲಿಗೆ ಹೋಗ್ತಾ ಉಪ್ಪು ಯಾಕೆ ಎಂದು ಯಾರೋ ಹೊಡೆದುಹಾಕಿ
ಯಾರೋ ಮತ್ತೆ ಬರೆದಿದ್ದಾರೆ.

ಹೊನ್ನಾವರ, ಅಂದ ಗುತ್ಯಪ್ಪ.
ಸಾಗರದ ಬಸ್ಸು ಓಡಿಸುವವ. ದಾರಿಯ ವಿಷಯಕ್ಕೆ
ಅವನ ಮಾತೇ ಕೊನೆ. ಆದರೆ ಇದು ದಾರಿಯ ಮಾತಾಗಿರಲಿಲ್ಲ.
ಅಲ್ಲಿ ಬೋರ್ಡು ಸಿಗುತ್ತೇನೋ?
ಗೊತ್ತಿಲ್ಲ.
ಕಲಿಸೋರು?
ಗೊತ್ತಿಲ್ಲ. ಹೊನ್ನಾವರ ಆದ್ರೆ ಬರ್ತೀನಿ,
ಇಲ್ಲಾಂದ್ರೆ ನೀವು ಹೋಗಿ ಬನ್ನಿ.
ಮೆಲ್ವಿನ್ ಹಲಗೆಯನ್ನು ಒದ್ದ.
ವಾರ ಪೂರ್ತಿ ಮಾತಿಲ್ಲ, ಪಟ್ಟಿ ಹೊಲಿಗೆ ಮಷಿನ್ನಿನ ಕೆಳಗೆ
ಎಣ್ಣೆ ಕುಡಿಯುತ್ತ ಬಿದ್ದಿತ್ತು.

ಗುರುವಾರ ಕೊನೇ ಟ್ರಿಪ್ ಮುಗಿಸಿ ಬಂದವನು
ಖಾಕಿ ಅಂಗಿಯಲ್ಲೇ ಹಲಗೆ ಹತ್ತಿದ.
ಇದುವರೆಗೆ ಅವನು ಒಮ್ಮೆಯೂ ಹತ್ತಿರಲಿಲ್ಲ
ಎಂಬುದು ಆಗ ಹೊಳೆಯಿತು.
ಮಂಡಿ ಬಗ್ಗಿಸಿ, ಕೈ ಚಾಚಿ, ಅಲುಗದೆ ನಿಂತ.
ಸಫೂರಾ ಬಂತು ಅನ್ನಲಿಲ್ಲ.

ನಮ್ಮಜ್ಜಿ ಮನೆ ಶರಾವತಿ ಹಿನ್ನೀರಲ್ಲಿದೆ, ಅಂದ,
ಸ್ಟಾಪಿನ ಹೆಸರು ಕೂಗುವ ದನಿಯಲ್ಲೇ.
ಕೊಟ್ಟಿಗೆ, ಒಂದು ಹಲಸಿನ ಮರ.
ಬೇಸಿಗೇಲಿ ನೀರಿಳಿದ್ರೆ ಒರಳುಕಲ್ಲು ಕಾಣುತ್ತಂತೆ, ನಾನು ನೋಡಿಲ್ಲ.
ಲಾಂಚಲ್ಲಿ ದಾಟುವಾಗೆಲ್ಲ ಅಜ್ಜಿ
ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೋತಿದ್ಲು,
ಮನೆ ಮೇಲೆ ಮೆಟ್ಟು ಹಾಕ್ಕೊಂಡು ಹೋಗಬಾರ್ದು ಅಂತ.
ಆ ನೀರು ಕರೆಂಟು ಕೊಟ್ಟು ಇಳಿದು ಹೊನ್ನಾವರದಲ್ಲಿ ಸೇರುತ್ತೆ.
ಅಲ್ಲಿ ಒಂದ್ಸಲ ನಿಲ್ಬೇಕು. ಅಷ್ಟೇ.
ಬಿದ್ರೂ ಪರವಾಗಿಲ್ಲ.

ತುಸು ಹೊತ್ತು ತೌಡಿನ ವಾಸನೆ ಮಾತ್ರ.
ಹೆಂಗೂ ಬರಿಗಾಲಲ್ಲೇ ನಿಲ್ಲೋದಲ್ವಾ, ಅಂದಳು ಸಫೂರಾ.
ಮೆಲ್ವಿನ್ ಕೂತು ಹಲಗೆಯ ಗಂಟನ್ನು ಬೆರಳಲ್ಲಿ ಸವರಿದ,
ಮುಂದಿನ ತುದಿ ಕೆತ್ತಬೇಕು, ಅಂದ, ಮೊದಲು ತೇಲುತ್ತೋ ನೋಡಣ,
ಬೆಳಿಗ್ಗೆ ತುಂಗೆಗೆ ಹಾಕಣ.

ನಾನು ಪಟ್ಟಿ ಎತ್ತಿಕೊಂಡೆ. ಮಗುಚಿದರೆ
ಯೂನಿಟ್ಟು ಇಷ್ಟು, ದರ ಇಷ್ಟು, ಕಟ್ಟಲು ಕೊನೆಯ ದಿನ ಇಂದೇ.
ತಿರುಗಿಸಿ ಮುಲ್ಕಿ ಹೊಡೆದುಹಾಕಿದೆ, ಆಗುಂಬೆ ಹೊಡೆದುಹಾಕಿದೆ.
ನಿಂಬೆಹಣ್ಣು ಹಾಗೇ ಇರಲಿ,
ಗೇರುಸೊಪ್ಪೆ ಘಾಟಿಯಲ್ಲೂ ತಿರುವಿದೆ.