ತಪ್ಪಿನ ಕಾಲಂ

ಅರಸೀಕೆರೆ ಜಂಕ್ಷನ್, ಮೂರನೇ ಪ್ಲಾಟ್‌ಫಾರ್ಮಿನ ಕಲ್ಲುಬೆಂಚು.
ಹುಬ್ಬಳ್ಳಿ ಗಾಡಿ ಇನ್ನೂ ತಿಪಟೂರು ಬಿಟ್ಟಿಲ್ಲ.
ಜಗಳ ಹಳೆಯದೇ:
ರೈಲ್ವೆ ಕಾಲೊನಿ ಕಂಡ ಶಾರ್ಟ್‌ಸ್ಟಾಪ್‌ಗಳಲ್ಲಿ
ಯಾರು ಎಲ್ಲರಿಗಿಂತ ಮೇಲು?

"ಚೆನ್ನವೀರಯ್ಯ," ಅಂತಾನೆ ಪಾಯಿಂಟ್ಸ್‌ಮನ್ ಖಲಂದರ್.
"ಅವನ ಕೈಗೆ ಬಂದ ಚೆಂಡು
ಬ್ಯಾಂಕಿಗೆ ಕಟ್ಟಿದ ದುಡ್ಡು. ಕಂಬದ ಹಾಗೆ ನಿಲ್ಲೋನು."
"ನಿಲ್ಲೋದೇ ಆಟವಾದರೆ ಸಿಗ್ನಲ್ ಕಂಬಕ್ಕೆ ಕೊಡು ಕಪ್,"
ಅಂತಾನೆ ರುದ್ರೋಜಿ, ಎಲೆಯ ತೊಟ್ಟು ಮುರಿಯುತ್ತ.
ಅವನ ಕಣ್ಣಲ್ಲಿ ಒಬ್ಬನೇ: ಲ್ಯಾಂಪ್‌ರೂಮಿನ ಫೆಲಿಕ್ಸ್,
ಎರಡನೇ ಬೇಸಿಗೂ ಮೂರನೆಯದಕ್ಕೂ ನಡುವೆ
ಹುಲ್ಲೇ ಹುಟ್ಟದ ಹಾಗೆ ಓಡಾಡಿದವನು.

"ಪುಸ್ತಕ ತೆಗಿ, ಪುಸ್ತಕ." ಖಲಂದರ್ ನನ್ನತ್ತ ತಿರುಗುತ್ತಾನೆ.
ಸ್ಕೋರು ಬರೆದವನು ನಾನು, ಹದಿನಾಲ್ಕು ವರ್ಷ.
ಗೆದ್ದಲು ತಿಂದು ಬಿಟ್ಟ ಹಾಳೆಯಲ್ಲಿ ಸ್ಪಷ್ಟವಾಗಿದೆ:
ಚೆನ್ನವೀರಯ್ಯನ ತಪ್ಪು ಮೂರು. ಫೆಲಿಕ್ಸನದು ಹತ್ತೊಂಬತ್ತು.
ಖಲಂದರ್ ಗೆದ್ದ. ಟೀ ತರಿಸಿದ.

ನಾನು ಹೇಳದೆ ಉಳಿಸಿಕೊಂಡದ್ದು ಇಷ್ಟು:
ಚೆನ್ನವೀರಯ್ಯನಿಂದ ಎರಡು ಮಾರು ಆಚೆಯ ಚೆಂಡು
ಸೀದಾ ಹುಣಸೆಮರದ ಬುಡಕ್ಕೆ. ಅದಕ್ಕೆ ಕಾಲಂ ಇರಲಿಲ್ಲ.
ಅದೇ ಚೆಂಡಿಗೆ ಫೆಲಿಕ್ಸ್ ಮೈ ಚೆಲ್ಲಿ,
ಜಲ್ಲಿಕಲ್ಲಲ್ಲಿ ಮೊಣಕೈ ತರಚಿ,
ಗ್ಲೌಸಿನ ತುದಿಯಿಂದ ಮುಟ್ಟುತ್ತಿದ್ದ.
ಮುಟ್ಟಿದನಲ್ಲ,
ತಪ್ಪು ಅಂತ ಬರೆದೆ.

ಹತ್ತೊಂಬತ್ತು ಸಲ. ನೀಲಿ ಶಾಯಿಯಲ್ಲಿ.
ಅದರಲ್ಲೊಂದನ್ನು, ಕಡೂರಿನವರ ಎದುರು, ಹಿಡಿದೇಬಿಟ್ಟಿದ್ದನೇನೋ;
ನಾನಾಗ ಬಗ್ಗಿ
ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಗಾಡಿ ತಿಪಟೂರು ಬಿಟ್ಟಿತಂತೆ.
ರುದ್ರೋಜಿ ಟೀ ಮುಟ್ಟಿಲ್ಲ.
ಕೆನೆ ಕಟ್ಟಿದೆ.