ರೀಲರ್

ನಮ್ಮ ಶಿಡ್ಲಘಟ್ಟದಲ್ಲಿ ರೀಲರ್ ಅಂದರೆ
ಕುದಿನೀರಿನಿಂದ ಗೂಡಿನ ಎಳೆ ಎತ್ತುವವನು.
ರೀಲು ಬಿಡುವವನು ಅಂದರೆ ಸೊಣ್ಣಪ್ಪ.
ಹನ್ನೊಂದು ವರ್ಷ, ಮೂರು ಸಿನಿಮಾ,
ಒಂದೂ ಥಿಯೇಟರಿನ ಮುಖ ನೋಡಲಿಲ್ಲ.
ಥಿಯೇಟರಾದರೂ ಎಲ್ಲಿದೆ, ಗೂಡಿನ ಗೋದಾಮಾಗಿದೆ:
ಬಾಲ್ಕನಿಯಲ್ಲಿ ಬಿಳಿ ಗೂಡು, ಗಾಂಧಿ ಕ್ಲಾಸಿನಲ್ಲಿ ಹಳದಿ.
"ದಿನಾ ಹೌಸ್‌ಫುಲ್ಲಮ್ಮ" ಅನ್ನುತ್ತಾನೆ ವಾಚ್‌ಮನ್
ನನ್ನನ್ನು ಕಂಡಾಗಲೆಲ್ಲ.

ನನ್ನ ಕೆಲಸ ಸದ್ದು ಹಿಡಿಯುವುದು.
ಬಟ್ಟೆ ಒಣಹಾಕುವ ಗಳದ ತುದಿಗೆ ಮೈಕು,
ಮೈಕಿಗೆ ಅಕ್ಕನ ಮಗುವಿನ ಉಣ್ಣೆ ಕುಲಾವಿ.
ಮೊದಲ ಚಿತ್ರಕ್ಕೆ ಅಮ್ಮಿಯ ಬೇಸಿನ್ನಿನ ಸದ್ದನ್ನೇ ಹಿಡಿದೆ.
ಹೆಡ್‌ಫೋನು ಕಿವಿಗಿಟ್ಟು ಕೇಳಿಸಿದರೆ
ಅಮ್ಮಿ, ಬೆರಳುಗಳು ಬೆಂದು ಬೆಳ್ಳಗಾದ ಅಮ್ಮಿ,
"ಯಾರ ಮನೇಲಿ ಇಷ್ಟು ಮಳೆ?" ಅಂದಳು.

ಕ್ಯಾಮೆರಾ ಚಲಪತಿಯದು, ಅಂದರೆ ಮದುವೆಗಳದು.
ಲಗ್ನ ಇರುವ ತಿಂಗಳೆಲ್ಲ ಅದು ಧಾರೆಗೆ, ಆರತಕ್ಷತೆಗೆ,
ಬೀಗರೂಟದ ಎಲೆಯ ಮೇಲಿನ ಮೂಳೆಗೆ;
ಆಷಾಢ ಬಂದರೆ ನಮ್ಮ ಕೈಗೆ.
ಹಾಗಾಗಿ ನಮ್ಮ ಮೂರು ಚಿತ್ರದಲ್ಲೂ ಒಂದೇ ಗಾಳಿ,
ಓಡುವ ಮೋಡ, ಹಾರುವ ಸೆರಗು,
ಮತ್ತು ಹಾಳಾದ ನನ್ನ ಸದ್ದು.
ಬೆಂಗಳೂರಿನವರೊಬ್ಬರು ಬರೆದರು:
'ಈ ನಿರ್ದೇಶಕನ ಆಕಾಶದಲ್ಲಿ ಸದಾ ಬಾರದ ಮಳೆಯೊಂದಿದೆ.'
ಚಲಪತಿ ಅದನ್ನು ಲ್ಯಾಮಿನೇಷನ್ ಮಾಡಿಸಿ
ಪಾಸ್‌ಪೋರ್ಟ್ ಫೋಟೋ ದರಪಟ್ಟಿಯ ಪಕ್ಕ ತೂಗುಹಾಕಿದ.

ಮೂರನೆಯದರಲ್ಲಿ ಅಕ್ಕಯ್ಯಮ್ಮ.
ಸೊಣ್ಣಪ್ಪ ಬರೆದುಕೊಟ್ಟ ಮೂರು ಪುಟ ಮಾತನ್ನು
ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ,
ಒಲೆ ಹೊತ್ತಿಸಲು ಬಳಸಿ,
ತನ್ನ ಮಾತು ತಾನಾಡಿದಳು, ತೆಲುಗಿನಲ್ಲಿ.
ಹದಿನೇಳು ದಿನ ಯಾರಿಗೂ ಕಟ್ ಅನ್ನಲು ಬಾಯಿ ಬರಲಿಲ್ಲ.
ಸಹಾಯಧನದ ಮೇಜಿನ ಹಿಂದೆ ಕೂತವರು
ಗಡಿಯಾರ ಇಟ್ಟು ಲೆಕ್ಕ ಹಾಕಿದರು:
ಕನ್ನಡ ಚಿತ್ರವೇನ್ರೀ ಇದು? ನಲವತ್ತೊಂದು ನಿಮಿಷ ತೆಲುಗು.
ಸೊಣ್ಣಪ್ಪ ಹೇಳಿಯೇ ಹೇಳಿದ: ಸಾರ್, ನಮ್ಮ ಕಡೆ ಹಾಗೇನೇ,
ಹಸುವಿಗೆ ತೆಲುಗು, ಕಚೇರಿಗೆ ಕನ್ನಡ,
ಗೂಡಿನ ಹರಾಜಿಗೆ ಉರ್ದೂನೂ ಸೇರಿ ಮೂರು.
ಡಬ್ ಮಾಡಿ ತನ್ನಿ, ಅಂದರು.

ಅಷ್ಟರಲ್ಲಿ ಅಕ್ಕಯ್ಯಮ್ಮ ತೀರಿಕೊಂಡು ಎರಡು ತಿಂಗಳು.

ಚಲಪತಿಯ ಸ್ಟುಡಿಯೋ ಗೋಡೆಗೆ ಹಳೇ ರಜಾಯಿ ಹೊಡೆದು,
ಫ್ಯಾನು ಆರಿಸಿ,
ಮೈಕಿನ ಎದುರು ಮೊದಲ ಸಲ ನಾನು.
ಅವಳ ಉಸಿರು ನನಗೆ ಬಾಯಿಪಾಠ:
ಮಾತಿಗೆ ಮುಂಚೆ ಎಲೆಯಡಿಕೆಯನ್ನು
ಈ ದವಡೆಯಿಂದ ಆ ದವಡೆಗೆ ಸರಿಸುವ ಸಣ್ಣ ಸದ್ದು.
ನಾನೂ ಒಂದೆಲೆ ಮಡಚಿ ಬಾಯಿಗಿಟ್ಟುಕೊಂಡೆ.
"ಏಡ್ಸೇದಾನ್ಕಿ ಪೊದ್ದೆಕ್ಕಡುಂದಿ" ಅನ್ನುತ್ತಾಳೆ ತೆರೆಯ ಮೇಲೆ;
ಅಳೋಕೆ ಹೊತ್ತೆಲ್ಲಿ, ಅಂದೆ ನಾನು.
ನನ್ನ ಕನ್ನಡ ಮುಗಿಯಿತು,
ಅವಳ ತುಟಿ ಇನ್ನೂ ಆಡುತ್ತಿತ್ತು.
ಉಳಿದ ತುಟಿಗೆ ಒಂದು ಕೆಮ್ಮು ಕೊಟ್ಟೆ.

ಹುರಿ ಮಿಷನ್ನಿನ ಶೆಡ್ಡಿನಲ್ಲಿ ಪ್ರದರ್ಶನ.
ಎರಡು ಪಂಚೆ ಸೇರಿಸಿ ಹೊಲಿದ ಪರದೆ,
ಹೊಲಿಗೆ ಸರಿಯಾಗಿ ಅಕ್ಕಯ್ಯಮ್ಮನ ಹಣೆಯ ಮೇಲೆ.
ಅವಳ ಮಗ ಮುಂದುಗಡೆ ಕೂತಿದ್ದ.
ಮುಗಿದ ಮೇಲೆ ಸೊಣ್ಣಪ್ಪನ ಕೈ ಹಿಡಿದು
"ನಮ್ಮಮ್ಮ ಇಷ್ಟು ಚೆನ್ನಾಗಿ ಕನ್ನಡ ಯಾವಾಗ ಕಲಿತಳಪ್ಪಾ?" ಅಂದ.
ಸೊಣ್ಣಪ್ಪ, ರೀಲು ಬಿಡುವವನು, ಒಂದೂ ಬಿಡಲಿಲ್ಲ.
ನಾನು ವೈರು ಸುತ್ತುತ್ತಿದ್ದೆ.

ಕಡತ ಇನ್ನೂ ಪರಿಶೀಲನೆಯಲ್ಲಿದೆ.
ತೆಲುಗಿನ ಅಕ್ಕಯ್ಯಮ್ಮ ಹಾರ್ಡ್‌ಡಿಸ್ಕಿನೊಳಗೆ,
ಅಮ್ಮಿಯ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ,
ಪಕ್ಕದಲ್ಲಿ ಎರಡು ನುಸಿಗುಳಿಗೆ.
ನಿನ್ನೆ ಚಲಪತಿಯ ಫೋನು:
ಕೊನೆಯ ಲಗ್ನ ಗುರುವಾರಕ್ಕೆ ಮುಗಿಯುತ್ತೆ.
ಕುಲಾವಿ ಒಗೆದು ಗಳಕ್ಕೆ ಹಾಕಿದ್ದೇನೆ.
ಗಾಳಿ ಈಗಲೇ ಎದ್ದಿದೆ.