ಎಡಗಡೆಯ ಗಂಟೆ

ಎನಿಡ್ ಟೈಸನ್‌ಗೆ ಎಪ್ಪತ್ತನಾಲ್ಕು. ಬಲಭುಜ ಕೈಕೊಟ್ಟ ಮೇಲೆ
ಹುಟ್ಟು ಹಾಕಲು ನನ್ನನ್ನು ಕರೆದಳು,
ಅಂಚೆ ವ್ಯಾನಿನವನನ್ನು:
ನಸುಕಿಗೇಳುವ ಅಭ್ಯಾಸವಿದೆ, ಹೆಚ್ಚು ಮಾತಿಲ್ಲ,
ಅಷ್ಟು ಸಾಕಂತೆ.

ಕಾನಿಸ್ಟನ್ ಸರೋವರ. ಏಪ್ರಿಲ್. ಬೆಟ್ಟದ ನೆತ್ತಿಯಲ್ಲಿ
ಇನ್ನೂ ಒಂದು ಹಿಡಿ ಹಿಮ,
ಕಿವಿಯ ಹಿಂದೆ ತೊಳೆಯಲು ಮರೆತ ಸೋಪಿನ ಹಾಗೆ.
ದೋಣಿಯ ಎರಡೂ ಮಗ್ಗುಲಿಗೆ ಮೀಸೆಯಂತೆ ಚಾಚಿದ
ಉದ್ದನೆಯ ಬಿದಿರುಗಳು, ತುದಿಗೊಂದೊಂದು ಗಂಟೆ.
ಬಲಗಡೆಯದು ಸೈಕಲ್ ಅಂಗಡಿಯದು.
ಎಡಗಡೆಯದು ಸತ್ತ ಟಗರಿನ ಕೊರಳಿನದು,
ಒಡಕು ದನಿ; ನೆಗಡಿಯಾದವರು ಕರೆದಂತೆ.

ಡಬ್ಬಿ ತೆರೆದಳು. ಪುಟ್ಟ ಎಲೆಗಳಂಥ ತಗಡುಗಳು,
ಒಂದೊಂದನ್ನೂ ತಾನೇ ಬಡಿದು ಬಗ್ಗಿಸಿದ್ದು.
"ಇದು ಹೋಟೆಲಿನ ಹಳೇ ಬಾಯ್ಲರಿನ ತಾಮ್ರ, ಮೋಡದ ದಿನಕ್ಕೆ.
ಇದು ಹಿತ್ತಾಳೆ, ಬಾಗಿಲ ಚಿಲಕದ್ದು. ಯಾರ ಬಾಗಿಲು ಅಂತ ಕೇಳಬೇಡ.
ಇದು ಬೆಳ್ಳಿ. ಮೊದಲ ಅತ್ತೆ ಕೊಟ್ಟ ಚಮಚ.
ಮದುವೆ ಮೂರು ವರ್ಷ ಬಾಳಿತು.
ಚಮಚ ನಲವತ್ತು ವರ್ಷದಿಂದ ಮೀನು ಹಿಡೀತಿದೆ."

ಒಂದು ದಾರಕ್ಕೆ ಆರು ಕವಲು,
ಕವಲಿಗೊಂದು ತಗಡು, ತಗಡಿನ ಬಾಲಕ್ಕೆ ಗಾಳ,
ಎಲ್ಲಕ್ಕೂ ಕೆಳಗೆ ಸೀಸದ ಗುಂಡು
ಅವಳ ಬೆರಳ ಸಂದಿಯಿಂದ ಮಾರು ಮಾರಾಗಿ ಇಳಿಯಿತು,
ಐದು, ಒಂಬತ್ತು, ಹನ್ನೆರಡು,
"ಹದಿನೈದು. ಚಾರ್ ಮೀನಿಗೆ ತಣ್ಣೀರಿನ ಖಯಾಲಿ.
ಈಗೀಗ ಮೇಲೆಲ್ಲ ಬೆಚ್ಚಗಾಗಿ ಇನ್ನೂ ಕೆಳಗೆ ಕೂತಿವೆ,
ಬಾಡಿಗೆ ಕೇಳಲು ಬಂದಾಗ ನೆಲಮಾಳಿಗೆ ಸೇರಿದವರ ಹಾಗೆ.

ಎಳಿ. ಅಯ್ಯೋ, ಅಷ್ಟು ಜೋರಲ್ಲ!
ಜೋರಾದರೆ ದಾರ ಮೇಲೇಳುತ್ತೆ,
ಅವುಗಳ ತಲೆ ಮೇಲೆ ಹಾದುಹೋಗ್ತೀವಿ, ವಿಮಾನದ ಹಾಗೆ.
ತೀರಾ ಮೆಲ್ಲಗಾದರೆ ತಗಡು ಸಾಯುತ್ತೆ.
ಹೆಣ ಹೊತ್ತವರಿಗಿಂತ ಚೂರು ಬೇಗ,
ಹಾಲಿನವನಿಗಿಂತ ಚೂರು ತಡ.
ಹಾಂ. ಇದೇ ಹದ. ಮರೀಬೇಡ."

ಮರೆತೆ. ಲೋದರನ ದೋಣಿ ಪಕ್ಕದಲ್ಲಿ ಹಾದಾಗ,
ಸದ್ದಿಲ್ಲದ ಬ್ಯಾಟರಿ ಮೋಟಾರು, ಮುಂದೊಂದು ಪರದೆ,
ಪರದೆಯ ತುಂಬ ಹಸಿರು ಮೀನು.
"ಎಷ್ಟು ಸಿಕ್ಕಿತು?" ಎಂದಳು ಎನಿಡ್.
"ಎಷ್ಟೊಂದು ಕಾಣ್ತಿವೆ," ಎಂದ ಅವನು.
ನಾನು ನಗುತ್ತ ಎಡಕ್ಕೆ ಗಕ್ಕನೆ ತಿರುಗಿಸಿಬಿಟ್ಟೆ.

ಹೊರಮಗ್ಗುಲ ದಾರ ಓಡಿತು, ಒಳಮಗ್ಗುಲದ್ದು
ಸೋತು ಕುಸಿದು ದೋಣಿಯಡಿಗೆ ನುಸುಳಿತು.
ಹನ್ನೆರಡು ಗಾಳ, ಎರಡು ಗುಂಡು, ಒಂದೇ ಗಂಟು.
ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಕನ್ನಡಕ ಹಣೆಗೇರಿಸಿ, ಗಂಟನ್ನು ಮಡಿಲಲ್ಲಿಟ್ಟು,
ಮೊಮ್ಮಗಳ ಜಡೆಯ ಸಿಕ್ಕು ಬಿಡಿಸುವವಳಂತೆ ಮುಕ್ಕಾಲು ಗಂಟೆ.
ನಡುವೆ ಒಮ್ಮೆ ಮಾತ್ರ:
"ದೊಡ್ಡ ಸುತ್ತು ಹಾಕಬೇಕು ಕಣೋ. ಹೊಲ ಸುತ್ತಿದ ಹಾಗೆ."

ಮತ್ತೆ ಇಳಿಬಿಟ್ಟೆವು. ಮತ್ತೆ ಹೆಣಕ್ಕಿಂತ ಬೇಗ, ಹಾಲಿಗಿಂತ ತಡ.
ನನ್ನ ಅಂಗೈ ಬೊಬ್ಬೆಯೊಡೆದಿತ್ತು.
ಆಗ ಎಡಗಡೆಯ ನೆಗಡಿ ಗಂಟೆ ಕೆಮ್ಮಿತು.
ನಿಲ್ಲಿಸಲು ಹೋದೆ.
"ನಿಲ್ಲಿಸಿದರೆ ಕಳ್ಕೊಳ್ತೀಯ, ಎಳೀತಾ ಇರು!"
ಅವಳು ಒಂದೇ ಕೈಯಲ್ಲಿ ಮೊದಲ ಕವಲು, ಎರಡನೆಯದು,
ಹಲ್ಲಲ್ಲಿ ಕಚ್ಚಿ ಹಿಡಿದು ಮೂರನೆಯದು,
ಐದನೆಯದರಲ್ಲಿ ಚಮಚ, ಚಮಚದ ತುದಿಗೆ
ದಾಸವಾಳದ ಬಣ್ಣದ ಹೊಟ್ಟೆ.

ಅಂಗೈಯಗಲಕ್ಕಿಂತ ಚೂರು ಉದ್ದ.
ನೋಡಿದಳು. ಬಹಳ ಹೊತ್ತು ನೋಡಿದಳು.
ಗಾಳ ಬಿಡಿಸಿ ನೀರಿಗೆ ಹಿಡಿದು, ಅದು ಉಸಿರು ಹಿಡಿದ ಮೇಲೆ
ಕೈ ತೆರೆದಳು. "ಬಾಣಲೆಗೆ ಸಾಲದು," ಎಂದಳು.
ಸಾಲುತ್ತಿತ್ತು.

ಮರಳುವಾಗ ದಾರ ನನ್ನ ಕೈಗಿತ್ತಳು.
ಹದಿನೈದು ಮಾರು ಕೆಳಗಿನ ಕತ್ತಲಿಂದ
ತಗಡುಗಳು ತಿರುಗುವ ಸಣ್ಣ ಗುಂಯ್,
ನಿದ್ದೆಯಲ್ಲಿರುವ ಬೆಕ್ಕಿನ ಬೆನ್ನು ಮುಟ್ಟಿದಂತೆ.

ಒಂಬತ್ತಕ್ಕೆ ವ್ಯಾನು ಹತ್ತಿದೆ.
ಟಾರ್ವರ್ ದಾರಿಯ ತಿರುವಲ್ಲಿ
ದೊಡ್ಡ ಸುತ್ತು ಹಾಕಿ, ಮೆಲ್ಲಗೆ, ಅದೇ ಹದದಲ್ಲಿ.
ಹಿಂದಿನ ಕಾರಿನವನು ಹಾರ್ನ್ ಹೊಡೆದ.
ಕಿವಿಗೊಟ್ಟೆ:
ಬಲಗಡೆಯದು, ಸೈಕಲ್ ಅಂಗಡಿಯದು,
ಬರೀ ಗಾಳಿ.